ಅದೃಷ್ಟದ ಅತ್ತಿಗೆ

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಆ ಹೆಂಗಸನ್ನು ಕ್ಲಬ್ಬಿನಲ್ಲಿ ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಎಷ್ಟೋ ದೊಡ್ಡವರಾದ ಲಾಯರ್ ಕೂಡ. ಮೊದಮೊದಲು ಅದು ಗಂಡನ ಗೆಳೆಯರ ಸಲಿಗೆಯ ಮಾತಾಗಿತ್ತು. ಆಮೇಲೆ ಅದಕ್ಕೊಂದು ಬಾಲಂಗೋಚಿಯ ಬದಲು ಕಿರೀಟ ಸೇರಿಕೊಂಡು 'ಅದೃಷ್ಟದ ಅತ್ತಿಗೆ' ಎಂದಾಯಿತು.

ಶನಿವಾರ ಮಧ್ಯಾಹ್ನ ಅವಳ ಗಂಡ, ಲಾಯರ್, ಕಂಟ್ರಾಕ್ಟರ್ ಮತ್ತು ಇನ್ನಿಬ್ಬರು ಕ್ಲಬ್ಬಿನ ಮಹಡಿಯ ಕೋಣೆಯಲ್ಲಿ ಪೋಕರ್ ಆಡುತ್ತಿದ್ದರು. ಪ್ಲಾಸ್ಟಿಕ್ಕಿನ ಬಿಲ್ಲೆಗಳನ್ನು ಗೆಲ್ಲುವುದು, ಸೋಲುವುದು, ಟೀ ಕುಡಿಯುವುದು, ಒಬ್ಬರ ಕಾಲು ಒಬ್ಬರು ಎಳೆಯುವುದು. ಒಂದು ಶನಿವಾರ ಒಬ್ಬರು ಬರಲಿಲ್ಲ. ಗಂಡ ಮನೆಗೆ ಫೋನು ಮಾಡಿ, "ಸುಮ್ನೆ ಬಂದು ಕೂತ್ಕೋ, ನಾನು ಹೇಳಿಕೊಡ್ತೀನಿ" ಎಂದ. ಅವಳು ಹೋದಳು. ಆಡಿದ ಮೂರನೆಯದೋ ನಾಲ್ಕನೆಯದೋ ಆಟಕ್ಕೆ ಅವಳ ಕೈಯಲ್ಲಿ ಮೂರು ರಾಣಿಗಳು ಕೂಡಿದವು. ಎಲೆ ಬಿಚ್ಚಿ ತೋರಿಸಿದಾಗ ಕಂಟ್ರಾಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅತ್ತಿಗೆ, ಗೆದ್ದಿದ್ದೀರಿ. ಗೊತ್ತಾಯ್ತಾ ನಿಮಗೆ?"

"ಹೌದಾ? ಇದೂ ಗೆಲ್ಲುತ್ತಾ?"

ಆ ಮಾತು ಅವಳ ಬಾಯಿಂದ ತಾನಾಗಿಯೇ ಬಂದಿತ್ತು. ಗೆಲ್ಲುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಮಾವ ಸೊಂಟದ ಮೂಳೆ ಮುರಿದುಕೊಂಡು ಒಂದು ವರ್ಷ ಹಾಸಿಗೆಯಲ್ಲಿದ್ದಾಗ, ಬೆಳಗಿನ ಪಾಳಿ ಮುಗಿಸಿ ಬರುತ್ತಿದ್ದ ಸೊಸೆಗೆ ಮಧ್ಯಾಹ್ನದ ಹೊತ್ತು ಪೋಕರ್ ಕಲಿಸಿದ್ದರು. ಹಳೆಯ ಟೆಲಿಫೋನ್ ಕಚೇರಿಯ ನೌಕರ. ಆಟದಲ್ಲಿ ಪಳಗಿದ ಕೈ. ಅದಕ್ಕೂ ಎಷ್ಟೋ ವರ್ಷ ಮೊದಲು ಮಗಳಿಗೆ, ಎಂದರೆ ಇವಳ ನಾದಿನಿಗೆ, ಕಲಿಸಿದ್ದರು. ಮಗನಿಗೆ ಮಾತ್ರ ಕಲಿಸಲಿಲ್ಲ. "ಅವನಿಗೆ ಒಳ್ಳೆ ಎಲೆ ಬಂದ್ರೆ ಕಿವಿ ಕೆಂಪಾಗುತ್ತೆ, ಏನು ಮಾಡೋದು" ಎನ್ನುತ್ತಿದ್ದರು. ಸೊಸೆಗೆ ಒಂದು ಮಾತು ಹೇಳಿದ್ದರು: "ನಿನ್ನ ಮುಖ ನೋಡಿದ್ರೆ ಯಾರೂ ಹೆದರಲ್ಲಮ್ಮ. ಅದೇ ನಿನ್ನ ಬಂಡವಾಳ." ಕೆಲಸದಿಂದ ಸಂಜೆ ಮನೆಗೆ ಬರುತ್ತಿದ್ದ ಗಂಡ, ಇವರಿಬ್ಬರು ಹೊತ್ತು ಹೋಗದೆ ಮಕ್ಕಳ ಆಟ ಆಡುತ್ತಿದ್ದಾರೆ ಎಂದುಕೊಂಡಿದ್ದ. ಮಾವ ತೀರಿಕೊಂಡ ಮೇಲೆ ಅವಳು ಆ ಮಾತನ್ನು ತೆಗೆಯಲೂ ಇಲ್ಲ.

ಎರಡು ವರ್ಷ ಅವಳು ಆ ಮೇಜಿನಲ್ಲಿ ಆಡಿದಳು. ಹೆಚ್ಚಾಗಿ ಗೆದ್ದಳು. ಗೆದ್ದಾಗಲೆಲ್ಲ ಒಂದು ಪೆದ್ದು ಕಾರಣ ಕೊಡುತ್ತಿದ್ದಳು. "ರಾಣಿ ಮುಖ ಯಾಕೋ ಸಪ್ಪಗಿತ್ತು, ಎಸೆಯೋಕೆ ಮನಸ್ಸು ಬರಲಿಲ್ಲ." "ಟೀ ಬರೋವರೆಗೂ ಇರೋಣ ಅಂತ ಕೂತಿದ್ದೆ ಅಷ್ಟೇ." ಆ ಮಾತುಗಳು ಕ್ಲಬ್ಬಿನಲ್ಲಿ ಜೋಕುಗಳಾಗಿ ಓಡಾಡಿದವು. ಯಾರಿಗೂ ಸೋತೆವೆಂಬ ಮುಜುಗರವಿರಲಿಲ್ಲ. ಅದೃಷ್ಟಕ್ಕೆ ಸೋತರೆ ಯಾರ ಮರ್ಯಾದೆಯೂ ಹೋಗುವುದಿಲ್ಲವಲ್ಲ. ಅವಳಿಗೂ ಅದು ಹಿತವಾಗಿತ್ತು. ಇಡೀ ವಾರ ಕತ್ತಲೆ ಕೋಣೆಯಲ್ಲಿ "ಉಸಿರು ಹಿಡೀರಿ, ಅಲ್ಲಾಡಬೇಡಿ, ಈಗ ಬಿಡಿ" ಎನ್ನುತ್ತ ಪರರ ಪಕ್ಕೆಲುಬು ನೋಡುವವಳಿಗೆ, ಶನಿವಾರದ ಆ ನಗು, ಆ ಗೆಲುವು, ಎರಡೂ ಬೇಕಾಗಿದ್ದವು.

ಮೇಜಿನ ಸುತ್ತ ಇದ್ದವರನ್ನೆಲ್ಲ ಅವಳು ಓದಿ ಮುಗಿಸಿದ್ದಳು. ಎಲ್ಲರಿಗಿಂತ ಸುಲಭ ಲಾಯರ್. ಕೈಯಲ್ಲಿ ಒಳ್ಳೆಯ ಎಲೆ ಇದ್ದಾಗ ಆತ ಸಿಡಿಮಿಡಿಗುಟ್ಟುತ್ತಿದ್ದ, "ಬೇಗ ಹೇಳ್ರೀ, ಹೊತ್ತಾಯ್ತು" ಎಂದು ಎದುರಿನವರನ್ನು ಗದರುತ್ತಿದ್ದ. ಕೈಯಲ್ಲಿ ಏನೂ ಇಲ್ಲದೆ ಬರೀ ಹೆದರಿಸಿ ಗೆಲ್ಲಲು ಹೊರಟಾಗ ಮಾತ್ರ ಪರಮ ಸಭ್ಯಸ್ಥನಾಗುತ್ತಿದ್ದ. ಟೀ ತಗೊಳ್ಳಿ ಎನ್ನುತ್ತಿದ್ದ, ಮಕ್ಕಳ ಓದು ವಿಚಾರಿಸುತ್ತಿದ್ದ. ಈ ಗುಟ್ಟನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಆ ವರ್ಷ ಕ್ಲಬ್ಬಿನ ವಾರ್ಷಿಕ ಪಂದ್ಯಕ್ಕೆ ಅವಳ ನಾದಿನಿಯೂ ಹೆಸರು ಕೊಟ್ಟಳು.

ನಾದಿನಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದಳು. ಮದುವೆ ಬೇಡವೆಂದು ಒಬ್ಬಳೇ ಮನೆ ಮಾಡಿಕೊಂಡಿದ್ದಳು. ಮಾತು ಕಡಿಮೆ. ಬ್ರೇಕಿನ ಮೇಲೆ ಒಂದು ಕಾಲಿಟ್ಟುಕೊಂಡು, ಎದುರು ಲಾರಿ ಬಂದರೂ ದನಿ ಏರಿಸದೆ "ಎಡಕ್ಕೆ ತಗೊಳ್ಳಿ" ಎನ್ನುವ ಜಾತಿಯವಳು. ಅತ್ತಿಗೆ ಮದುವೆಯಾಗಿ ಬಂದಾಗ ಅವಳಿನ್ನೂ ಓದುತ್ತಿದ್ದಳು. ಅಂದಿನಿಂದ ಇಬ್ಬರ ನಡುವೆ 'ನೀನು' ಎಂದೇ ಮಾತಾಡುವ ಸಲಿಗೆ. ಅಣ್ಣನ ಹತ್ತಿರ ಹೇಳಲಾಗದ್ದನ್ನು ಅತ್ತಿಗೆಯ ಹತ್ತಿರ ಹೇಳುತ್ತಿದ್ದಳು.

ಪಂದ್ಯದ ದಿನ ಕ್ಲಬ್ಬಿನ ದೊಡ್ಡ ಕೋಣೆಯಲ್ಲಿ ನಾಲ್ಕು ಮೇಜು ಹಾಕಿದ್ದರು. ಚೀಟಿ ಎತ್ತಿದಾಗ ಅತ್ತಿಗೆ, ನಾದಿನಿ, ಲಾಯರ್, ಕಂಟ್ರಾಕ್ಟರ್ ಎಲ್ಲರೂ ಒಂದೇ ಮೇಜಿಗೆ ಬಂದರು. ಗಂಡ ಕಿಟಕಿ ಪಕ್ಕದ ಇನ್ನೊಂದು ಮೇಜಿನಲ್ಲಿದ್ದ.

"ಒಂದೇ ಮೇಜಿಗೆ ಇಬ್ಬರು ಹೆಂಗಸರು" ಎಂದ ಕಂಟ್ರಾಕ್ಟರ್, ಎಲೆ ಕಲಸುತ್ತ. "ನನ್ನ ಅನುಭವ ಕೇಳಿ. ಹೆಂಗಸರು ಎರಡೇ ಥರ. ಒಬ್ಬರು ಹೆದರಿ ಎಲೆ ಎಸೀತಾರೆ. ಇನ್ನೊಬ್ಬರು ಏನೂ ತಿಳೀದೆ ಗೆಲ್ತಾರೆ, ನಮ್ಮ ಅತ್ತಿಗೆ ಥರ."

ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕಳು. ನಾದಿನಿ ತನ್ನ ಬಿಲ್ಲೆಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡಿ ಜೋಡಿಸುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಅತ್ತಿಗೆ ಒಂದು ಆಟ ಗೆದ್ದಳು. ಎರಡು ಸಲ ಸುಮ್ಮನಿದ್ದು, ಮೂರನೆಯ ಸಲ ಎದುರಿನವನು ದುಡುಕುವ ತನಕ ಕಾದು, ನಾಜೂಕಾಗಿ ಗೆದ್ದದ್ದು. ಗೆದ್ದವಳೇ ಎಂದಿನಂತೆ, "ಅಯ್ಯೋ, ನಾನು ಎಂಟು ಅಂದ್ಕೊಂಡಿದ್ದೆ, ನೋಡಿದ್ರೆ ಎಕ್ಕ" ಎಂದಳು. ಮೇಜೆಲ್ಲ ನಗು. ನಾದಿನಿ ತಲೆಯೆತ್ತಿ ಅವಳನ್ನೇ ಒಂದು ಕ್ಷಣ ನೋಡಿದಳು. ಆ ಆಟ ಯಾರು ಕಲಿಸಿದ್ದೆಂದು ಅವಳಿಗೆ ತಿಳಿಯದೆ ಇರುತ್ತದೆಯೇ? ಅವಳು ಮತ್ತೆ ತನ್ನ ಬಿಲ್ಲೆಗಳಿಗೆ ತಿರುಗಿದಳು. ಅತ್ತಿಗೆಗೆ ಮಾತ್ರ ಕುತ್ತಿಗೆಯ ಹಿಂದೆ ಬಿಸಿಯಾಯಿತು.

ನಾದಿನಿ ಹೆದರಿ ಎಲೆ ಎಸೆಯುವವಳೂ ಅಲ್ಲ, ತಿಳಿಯದೆ ಗೆಲ್ಲುವವಳೂ ಅಲ್ಲ ಎಂಬುದು ಬೇಗನೆ ಮೇಜಿಗೆ ಗೊತ್ತಾಯಿತು. ಗೆದ್ದರೂ ನಗುತ್ತಿರಲಿಲ್ಲ, ಸೋತರೂ ನಿಟ್ಟುಸಿರಿಡುತ್ತಿರಲಿಲ್ಲ. ಎಲೆ ಎಸೆದ ಮೇಲೂ ಉಳಿದವರ ಮಾತನ್ನೇ ಗಮನಿಸುತ್ತಿದ್ದಳು. ಅವಳ ಮುಂದೆ ಬಿಲ್ಲೆ ಬೆಳೆದಂತೆ ಮೇಜಿನ ತಮಾಷೆ ಕಡಿಮೆಯಾಯಿತು. "ಸ್ವಲ್ಪ ನಗಮ್ಮ, ಇದೇನು ಪರೀಕ್ಷೆಯಾ?" ಎಂದ ಕಂಟ್ರಾಕ್ಟರ್. "ಈ ಥರ ಗಂಡಸರ ಥರ ಆಡಿದ್ರೆ ಯಾರು ಕಟ್ಟಿಕೊಳ್ತಾರೆ?" ಎಂದ ಇನ್ನೊಬ್ಬ. ಅತ್ತಿಗೆ ತನ್ನ ಎಲೆಗಳನ್ನು ನೋಡುತ್ತ ಕೂತಿದ್ದಳು.

ಆಮೇಲೆ ಆ ಆಟ ಬಂತು. ಉಳಿದವರೆಲ್ಲ ಎಲೆ ಎಸೆದು, ಲಾಯರ್ ಮತ್ತು ನಾದಿನಿ ಇಬ್ಬರೇ ಉಳಿದರು. ಮೇಜಿನ ನಡುವೆ ಬಿಚ್ಚಿಟ್ಟ ಐದು ಎಲೆಗಳಲ್ಲಿ ಮೂರು ಇಸ್ಪೀಟು ಜಾತಿಯವು. ಕೈಯಲ್ಲಿರುವ ಎರಡು ಎಲೆಯೂ ಅದೇ ಜಾತಿಯವಾಗಿ ಐದು ಕೂಡಿದವನನ್ನು ಸೋಲಿಸುವುದು ಕಷ್ಟ. ಲಾಯರ್ ತನ್ನ ಮುಂದಿದ್ದ ಬಿಲ್ಲೆಗಳನ್ನೆಲ್ಲ ಎರಡೂ ಕೈಯಿಂದ ನಡುವಿಗೆ ತಳ್ಳಿದ. ಆಮೇಲೆ ಕುರ್ಚಿಗೆ ಒರಗಿ ಮೃದುವಾಗಿ ಹೇಳಿದ:

"ನಿಧಾನವಾಗಿ ಯೋಚನೆ ಮಾಡಮ್ಮ. ಅವಸರ ಏನಿಲ್ಲ. ನೀರು ಬೇಕಾದ್ರೆ ಕುಡಿ."

ಅತ್ತಿಗೆಗೆ ಆ ಕ್ಷಣವೇ ತಿಳಿಯಿತು, ಆತನ ಕೈಯಲ್ಲಿ ಏನೂ ಇಲ್ಲ. ಪಕ್ಕದಲ್ಲಿ ನಾದಿನಿ ಆತನ ಮುಖವನ್ನು ನೋಡಿದಳು, ಎಲೆಗಳನ್ನು ನೋಡಿದಳು, ತನ್ನ ಬಿಲ್ಲೆಗಳನ್ನೂ ಅಷ್ಟೇ ಮುಂದಕ್ಕೆ ತಳ್ಳಿದಳು. ಅವಳ ಹತ್ತಿರ ಇದ್ದದ್ದು ಒಂಬತ್ತರ ಒಂದು ಬಡ ಜೋಡಿ. ಲಾಯರ್ ಎಲೆ ತಿರುಗಿಸಿದ. ಒಂದು ಆರು, ಒಂದು ನಾಲ್ಕು. ಆತನ ಪಂದ್ಯ ಅಲ್ಲಿಗೆ ಮುಗಿಯಿತು.

ಯಾರೂ ನಗಲಿಲ್ಲ. ಅಕ್ಕಪಕ್ಕದ ಮೇಜಿನವರೂ ಎದ್ದು ಬಂದರು.

"ಒಂಬತ್ತರ ಜೋಡಿ ಇಟ್ಕೊಂಡು ಯಾರಾದ್ರೂ ಇಷ್ಟೊಂದು ತಳ್ತಾರಾ?" ಎಂದ ಕಂಟ್ರಾಕ್ಟರ್.

"ನಾನು ಯಾರ ಮೇಲೂ ಆರೋಪ ಮಾಡ್ತಾ ಇಲ್ಲ" ಎಂದ ಲಾಯರ್, ಕನ್ನಡಕ ಒರೆಸುತ್ತ. "ಆದ್ರೆ ನನ್ನ ಎಲೆ ನೋಡದೆ ಈ ತೀರ್ಮಾನ ಯಾರೂ ಮಾಡೋಕಾಗಲ್ಲ. ಅವರು ಮೊದಲಿಂದ್ಲೂ ಬ್ಯಾಗು ತೊಡೆ ಮೇಲೇ ಇಟ್ಕೊಂಡಿದ್ದಾರೆ. ಒಂದು ಸಣ್ಣ ಕನ್ನಡಿ ಸಾಕು, ಎಲೆ ಹಂಚುವಾಗ ಕೆಳಗಿಂದ ಕಾಣುತ್ತೆ."

ಕ್ಲಬ್ಬಿನ ಸೆಕ್ರೆಟರಿ ಬಂದರು. ಒಳ್ಳೆಯ ಮನುಷ್ಯ, ಜಗಳವೆಂದರೆ ಆಗದವರು. ನಾದಿನಿಯನ್ನು ಏನೂ ಕೇಳದೆ ಅವರು ಅತ್ತಿಗೆಯ ಕಡೆ ತಿರುಗಿದರು.

"ನೀವು ಪಕ್ಕದಲ್ಲೇ ಇದ್ರಿ. ಇವರಿಗೆ ಹೇಗೆ ಗೊತ್ತಾಯ್ತು ಅಂತ ನಿಮಗೇನಾದ್ರೂ ಅನಿಸ್ತಾ?"

ನಾದಿನಿಯೂ ಅವಳ ಕಡೆ ನೋಡಿದಳು. ಒಂದೇ ಮಾತು ಸಾಕಿತ್ತು. ಲಾಯರ್ ಕೈ ಖಾಲಿ ಇದ್ದಾಗ ಮರ್ಯಾದೆ ಕೊಡ್ತಾರೆ, ನನಗೂ ಗೊತ್ತು, ಎರಡು ವರ್ಷದಿಂದ ಗೊತ್ತು. ಆದರೆ 'ನನಗೂ' ಎಂಬ ಆ ಪದದ ಹಿಂದೆ ಇಷ್ಟು ದಿನದ ಪೆದ್ದು ಮಾತುಗಳೆಲ್ಲ ಸಾಲಾಗಿ ನಿಂತಿದ್ದವು. ಕಂಟ್ರಾಕ್ಟರನ ಮುಖ ಹೇಗಾಗಬಹುದು, ಗಂಡ ಏನನ್ನಬಹುದು, ಎಲ್ಲ ಅವಳ ಕಣ್ಣ ಮುಂದೆ ಬಂತು.

"ನನಗೇನು ಗೊತ್ತಾಗುತ್ತೆ ಇವೆಲ್ಲ" ಎಂದಳು. "ನಾನು ನನ್ನ ಎಲೆ ನೋಡೋದ್ರಲ್ಲೇ ಇದ್ದೆ."

ಸೆಕ್ರೆಟರಿ ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಒಂದು ಕೆಲಸ ಮಾಡೋಣ. ಬ್ಯಾಗು ನೋಡಿಬಿಟ್ರೆ ಎಲ್ಲರಿಗೂ ಸಮಾಧಾನ. ಹೆಂಗಸರ ಬ್ಯಾಗು, ನಾವು ಮುಟ್ಟೋದು ಸರಿಯಲ್ಲ. ಅತ್ತಿಗೆ, ನೀವೇ ಒಂದು ಸಲ ನೋಡಿಬಿಡಿ. ಮನೆಯವರೇ ಅಲ್ವಾ."

ನಾದಿನಿ ಬ್ಯಾಗನ್ನು ತೊಡೆಯಿಂದೆತ್ತಿ ಮೇಜಿನ ಮೇಲಿಟ್ಟು, ಅತ್ತಿಗೆಯ ಮುಂದಕ್ಕೆ ಸರಿಸಿದಳು.

ಆಸ್ಪತ್ರೆಯಲ್ಲಿ ದಿನವೂ "ಸರ ತೆಗೀರಿ, ಬೆಲ್ಟು ತೆಗೀರಿ, ಜೇಬಿನಲ್ಲಿ ಏನಿದೆ ನೋಡಿ" ಎಂದು ತೆಗೆಸಿ ಅಭ್ಯಾಸವಾದ ಕೈಗಳು. ಅವು ತಮ್ಮ ಪಾಡಿಗೆ ಜಿಪ್ಪು ಎಳೆದವು. ಮನೆಯ ಬೀಗದ ಕೈ. ತಲೆನೋವಿನ ಮಾತ್ರೆಯ ಹಾಳೆ. ಕಾಗದದಲ್ಲಿ ಸುತ್ತಿದ ಅರ್ಧ ತಿಂದ ಬನ್ನು. ಒಂದು ಒದ್ದೆ ಕರವಸ್ತ್ರ. ಮುಟ್ಟಿನ ಪ್ಯಾಡುಗಳ ಪೊಟ್ಟಣ. ಅದನ್ನು ಮೇಜಿನ ಮೇಲಿಟ್ಟಾಗ ಸುತ್ತ ನಿಂತ ಗಂಡಸರು ಒಟ್ಟಿಗೆ ಚಾವಣಿಯ ಫ್ಯಾನು ನೋಡಿದರು. ಬ್ಯಾಗಿನ ತಳದ ಹೊಲಿಗೆಯನ್ನೂ ಅವಳು ಬೆರಳಾಡಿಸಿ ನೋಡಿದಳು. ಅಷ್ಟು ಚೆನ್ನಾಗಿ ಯಾಕೆ ನೋಡಿದೆ ಎಂಬುದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ಬಗೆಹರಿಯಲಿಲ್ಲ.

"ಏನೂ ಇಲ್ಲ" ಎಂದಳು.

"ನೋಡಿ, ಅಷ್ಟೇ" ಎಂದರು ಸೆಕ್ರೆಟರಿ, ಭಾರ ಇಳಿಸಿಕೊಂಡವರಂತೆ. "ನಿಯಮ ಅಂದ ಮೇಲೆ ನೋಡಲೇಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ. ಆಟ ಮುಂದುವರಿಸಿ."

ನಾದಿನಿ ಒಂದೊಂದಾಗಿ ತನ್ನ ಸಾಮಾನುಗಳನ್ನು ಒಳಗೆ ಹಾಕಿಕೊಂಡಳು. ಬನ್ನನ್ನು ಮತ್ತೆ ಕಾಗದದಲ್ಲಿ ಸರಿಯಾಗಿ ಸುತ್ತಿದಳು. "ನನ್ನ ಬಿಲ್ಲೆ ಎಲ್ಲರಿಗೂ ಹಂಚಿಬಿಡಿ" ಎಂದು ಹೇಳಿ ಹೊರಟುಹೋದಳು. ಕಿಟಕಿಯ ಹತ್ತಿರ ನಿಂತಿದ್ದ ಅಣ್ಣ ದಾರಿ ಬಿಟ್ಟ.

ಅತ್ತಿಗೆ ಎದ್ದು ಹಿಂದೆ ಹೋಗಬೇಕಿತ್ತು. ಹೋಗಲಿಲ್ಲ. ಮುಂದಿನ ಎಲೆಗಳು ಬಂದವು. ಅಂಚು ಎತ್ತಿ ನೋಡಿದಳು. ಎರಡೂ ಎಕ್ಕ. ಎದೆಯಲ್ಲಿ ಏನೋ ಸಂತೋಷದಿಂದ ಕುಪ್ಪಳಿಸಿತು. ಆ ಹೊತ್ತಿನಲ್ಲೂ ಕುಪ್ಪಳಿಸಿತು. ಆಡಿದ ಸುಳ್ಳಿಗಿಂತ, ಹುಡುಕಿದ ಬ್ಯಾಗಿಗಿಂತ, ಮುಂದೆ ಅವಳನ್ನು ಹೆಚ್ಚು ಕಾಡಿದ್ದು ಆ ಚಿಕ್ಕ ಸಂತೋಷ.

ಪಂದ್ಯದಲ್ಲಿ ಅವಳು ಮೂರನೆಯವಳಾದಳು. 'ಅತ್ಯುತ್ತಮ ಮಹಿಳಾ ಆಟಗಾರ್ತಿ' ಎಂದು ಕರೆದು ಗಾಜಿನ ಬಟ್ಟಲುಗಳ ಒಂದು ಸೆಟ್ಟು ಕೊಟ್ಟರು. ಮಹಿಳೆ ಎಂದು ಆಗ ಅಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಂಟ್ರಾಕ್ಟರ್ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಸೋಮವಾರ ಊಟದ ಬಿಡುವಿನಲ್ಲಿ ಅವಳು ಡ್ರೈವಿಂಗ್ ಸ್ಕೂಲಿಗೆ ಹೋದಳು. ನಾದಿನಿ ಮುಂದಿನ ವಿದ್ಯಾರ್ಥಿಗಾಗಿ ಕಾಯುತ್ತ ಕಾರಿನಲ್ಲಿ ಕೂತಿದ್ದಳು. ಅತ್ತಿಗೆ ಬಾಗಿಲು ತೆರೆದು ಕಲಿಯುವವರ ಸೀಟಿನಲ್ಲಿ, ಸ್ಟೀರಿಂಗಿನ ಮುಂದೆ ಕೂತಳು.

"ನಾನು ಹೇಳಬೇಕಿತ್ತು" ಎಂದಳು.

"ಏನಂತ?"

"ನಿನಗೆ ಹೇಗೆ ಗೊತ್ತಾಯ್ತು ಅಂತ. ಲಾಯರ್ ಕೈಯಲ್ಲಿ ಏನೂ ಇಲ್ದಾಗ..."

"ಮರ್ಯಾದೆ ಕೊಡ್ತಾರೆ" ಎಂದು ನಾದಿನಿ ಮುಗಿಸಿದಳು. ಇಬ್ಬರಿಗೂ ನಗು ಬಾಯಿಯವರೆಗೆ ಬಂತು. ನಾದಿನಿಯದು ಅಲ್ಲಿಯೇ ನಿಂತಿತು.

"ಅಂದ್ರೆ ನಿಮಗೆ ಗೊತ್ತಿತ್ತು" ಎಂದಳು. ಹದಿನಾರು ವರ್ಷದಲ್ಲಿ ಮೊದಲ ಸಲ ಅವಳು 'ನೀವು' ಎಂದಿದ್ದಳು. "ಎರಡು ದಿನದಿಂದ ಅದನ್ನೇ ಯೋಚನೆ ಮಾಡ್ತಿದ್ದೆ. ಅಪ್ಪ ಕಲಿಸಿದ್ರೂ ಇದೊಂದು ಅತ್ತಿಗೆ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ, ನಿಜವಾಗ್ಲೂ ಗೊತ್ತಿಲ್ದೇ ಹಾಗಂದಿರಬೇಕು ಅಂತ ಸಮಾಧಾನ ಮಾಡ್ಕೊಂಡಿದ್ದೆ."

ಅತ್ತಿಗೆ ಸ್ಟೀರಿಂಗನ್ನು ಹಿಡಿದುಕೊಂಡಳು. ಹೇಳಿಕೊಂಡರೆ ಹಗುರಾಗುತ್ತದೆ ಎಂದು ಬಂದವಳು, ನಾದಿನಿಗಿದ್ದ ಒಂದು ಸಮಾಧಾನವನ್ನೂ ಕಿತ್ತುಕೊಂಡಿದ್ದಳು.

"ಅವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ" ಎಂದಳು ನಾದಿನಿ, ರಸ್ತೆ ನೋಡುತ್ತ. "ಹೆಂಗಸು ಅಂದ್ರೆ ಹೀಗೆ ಅಂತ ನೀವು ಪ್ರತಿ ಶನಿವಾರ ಅವರಿಗೆ ಪಾಠ ಹೇಳ್ತಿದ್ರಿ. ಚೆನ್ನಾಗೇ ಕಲಿತಿದ್ದಾರೆ. ಹಾಗಲ್ಲದವಳು ಬಂದ್ರೆ ಅವಳು ಕಳ್ಳೀನೇ ಆಗಿರಬೇಕು."

"ಏನು ಮಾಡ್ಲಿ ಹೇಳು."

"ನಾನು ಯಾಕೆ ಹೇಳ್ಲಿ? ನನ್ನ ಸ್ಟೂಡೆಂಟ್ ಬಂದ. ನೀವು ಇಳೀಬೇಕು."

ಮುಂದಿನ ಶನಿವಾರ ಅವಳು ಕ್ಲಬ್ಬಿಗೆ ಹೋದಳು. ಆ ದಿನ ಅವಳು ಯಾವ ಜೋಕೂ ಹೇಳಲಿಲ್ಲ. "ಯಾಕೆ ಅತ್ತಿಗೆ, ಮೈ ಹುಷಾರಿಲ್ವಾ?" ಎಂದು ಕಂಟ್ರಾಕ್ಟರ್ ನಿಜವಾದ ಕಾಳಜಿಯಿಂದಲೇ ಕೇಳಿದ. ಅವಳು ಬಹಳ ಹೊತ್ತು ಕಾದ ಮೇಲೆ ಲಾಯರ್ ಒಂದು ದೊಡ್ಡ ರಾಶಿ ಮುಂದಕ್ಕೆ ತಳ್ಳಿ, "ಆರಾಮಾಗಿ ನೋಡಿ ಅತ್ತಿಗೆ, ಟೀ ತಣ್ಣಗಾಗುತ್ತೆ, ಮೊದಲು ಕುಡೀರಿ" ಎಂದ. ಅವಳ ಹತ್ತಿರ ಏಳರ ಒಂದು ಜೋಡಿಯಿತ್ತು. ಅಷ್ಟೇ ರಾಶಿ ತಳ್ಳಿದಳು. ಲಾಯರ್ ಎಲೆ ತಿರುಗಿಸಿದ. ಏನೂ ಇರಲಿಲ್ಲ.

"ಬಂತು ನೋಡಿ ಅದೃಷ್ಟ" ಎಂದ ಕಂಟ್ರಾಕ್ಟರ್.

"ಅದೃಷ್ಟ ಅಲ್ಲ" ಎಂದಳು. "ಕೈಯಲ್ಲಿ ಏನೂ ಇಲ್ಲದಾಗ ಇವರು ಟೀ ಕುಡೀರಿ ಅಂತಾರೆ. ಎಲೆ ಇದ್ರೆ ಗದರ್ತಾರೆ. ಎರಡು ವರ್ಷದಿಂದ ನೋಡ್ತಿದ್ದೀನಿ. ಅವತ್ತು ನನ್ನ ನಾದಿನಿಗೂ ಹೀಗೇ ಗೊತ್ತಾಗಿದ್ದು, ಕನ್ನಡಿಯಿಂದ ಅಲ್ಲ. ನಾನು ಪಕ್ಕದಲ್ಲೇ ಇದ್ದೆ. ಗೊತ್ತಿದ್ದೂ ಗೊತ್ತಿಲ್ಲ ಅಂದೆ. ಅವಳ ಬ್ಯಾಗಿಗೂ ಕೈ ಹಾಕ್ದೆ."

ಲಾಯರ್ ತನ್ನ ಎಲೆಗಳನ್ನು ಮಗುಚಿ ಹಾಕಿದ. ಗಂಡನ ಕಿವಿಗಳು ಕೆಂಪಾಗಿದ್ದವು, ಆದರೆ ಅವನ ಮುಂದೆ ಎಲೆಗಳೇ ಇರಲಿಲ್ಲ. ಕಂಟ್ರಾಕ್ಟರ್ ಮಾತ್ರ ಇನ್ನೂ ಏನನ್ನೋ ಲೆಕ್ಕ ಹಾಕುತ್ತಿದ್ದ.

"ಹಾಗಾದ್ರೆ ಆ ರಾಣಿ ಮುಖ ಸಪ್ಪಗಿತ್ತು ಅಂದಿದ್ದು?"

"ಸುಮ್ನೆ ಹೇಳಿದ್ದು."

"ಎಂಟು ಅಂದ್ಕೊಂಡು ಎಕ್ಕ ಇಟ್ಕೊಂಡಿದ್ದು?"

"ಅದೂ."

ಆತ ತಲೆಯಾಡಿಸಿದ. "ಆ ರಾಣಿ ಮಾತು ನಾನು ಮನೇಲಿ ಎಲ್ಲರಿಗೂ ಹೇಳಿದ್ದೀನಿ" ಎಂದ. "ಪಾಪ, ನಮ್ಮ ಅತ್ತಿಗೆಗೆ ಕಪಟ ಇಲ್ಲ ಅಂತ." ಅವನಿಗೆ ಸಿಟ್ಟು ಬಂದಿದ್ದರೆ ಅವಳು ಸಹಿಸುತ್ತಿದ್ದಳು. ಅವನು ನೊಂದುಕೊಂಡಿದ್ದ. ಹೆಂಗಸರ ಬಗ್ಗೆ ಅಸಂಬದ್ಧ ಮಾತಾಡುತ್ತಿದ್ದ ಆ ಮನುಷ್ಯ ಅವಳನ್ನು ನಿಜವಾಗಿಯೂ ಹಚ್ಚಿಕೊಂಡಿದ್ದ. ಅವನನ್ನು ಎರಡು ವರ್ಷ ಮಂಗ ಮಾಡಿದವಳು ತಾನು. ಒಂದು ನಾಚಿಕೆ ಕಳೆಯಲು ಬಂದು ಇನ್ನೊಂದನ್ನು ಹೊತ್ತುಕೊಂಡು ಅವಳು ಮೆಟ್ಟಿಲು ಇಳಿದಳು.

ಗಂಡ ಮನೆಯ ಬಾಗಿಲು ತೆಗೆದು ಚಪ್ಪಲಿ ಬಿಡುವಾಗ ಹೇಳಿದ:

"ಅಪ್ಪ ಅವಳಿಗೂ ಕಲಿಸಿದ್ರು, ನಿನಗೂ ಕಲಿಸಿದ್ರು. ನನಗೆ ಕಲಿಸಲಿಲ್ಲ."

ಅವಳು ದೀಪ ಹಾಕಿದಳು.

"ಅದು ಬಿಡು" ಎಂದ. ಒಳಗೆ ಹೋಗದೆ ಅಲ್ಲೇ ಗೋಡೆಗೆ ಒರಗಿದ. "ಅವತ್ತು ನೀನು ಬ್ಯಾಗು ತೆಗೀವಾಗ ನಾನೂ ನೋಡ್ತಾ ನಿಂತಿದ್ದೆ. ನನ್ನ ತಂಗಿ ಹಾಗೆ ಮಾಡಲ್ಲ ಅಂತ ನನ್ನ ತಲೆಗೆ ಬರಲೇ ಇಲ್ಲ ಕಣೆ. ಏನಾದ್ರೂ ಸಿಕ್ಕಿದ್ರೆ ನಮ್ಮ ಮಾನ ಏನಾಗುತ್ತೆ ಅಂತ ಅಷ್ಟೇ ಬಂತು."

ಮರುದಿನ ಅವನು ಒಬ್ಬನೇ ತಂಗಿಯ ಮನೆಗೆ ಹೋಗಿಬಂದ. ಅಲ್ಲಿ ಏನಾಯಿತೆಂದು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

ಕ್ಲಬ್ಬಿನಿಂದ ನಾದಿನಿಗೆ ಯಾವ ಕ್ಷಮೆಯೂ ಬರಲಿಲ್ಲ. ಲಾಯರ್ ಅಂದಿನಿಂದ ಕೈಯಲ್ಲಿ ಎಲೆ ಇದ್ದರೂ ಇಲ್ಲದಿದ್ದರೂ ಎಲ್ಲರನ್ನೂ ಒಂದೇ ಸಮ ಗದರುತ್ತಿದ್ದಾನೆ ಎಂದು ಸುದ್ದಿ. ಅತ್ತಿಗೆಗೆ ಶನಿವಾರದ ಕರೆ ನಿಂತಿತು. "ಈಗ ಜನ ಸಾಕಷ್ಟಿದ್ದಾರಂತೆ" ಎಂದು ಗಂಡ ಹೇಳಿದ. ಕೆಲವು ವಾರ ತಾನೊಬ್ಬನೇ ಹೋದ, ಆಮೇಲೆ ಅವನೂ ಬಿಟ್ಟ.

ನಾಲ್ಕೈದು ತಿಂಗಳ ಮೇಲೆ ನಾದಿನಿ ಆಸ್ಪತ್ರೆಗೆ ಬಂದಳು. ಕಾರು ಕಲಿಯುವವನೊಬ್ಬ ಗೋಡೆಗೆ ಗುದ್ದಿ ಅವಳ ಮಣಿಕಟ್ಟು ಊದಿಕೊಂಡಿತ್ತು. ಅತ್ತಿಗೆ ಅವಳ ಕೈಯನ್ನು ಎಕ್ಸ್‌ರೇ ಪ್ಲೇಟಿನ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಚಿತ್ರ ತೆಗೆದಳು. ಮೂಳೆ ಮುರಿದಿರಲಿಲ್ಲ.

"ಕ್ಲಬ್ಬಲ್ಲಿ ಹೇಳಿದ್ರಂತೆ. ಅಣ್ಣ ಹೇಳ್ದ" ಎಂದಳು ನಾದಿನಿ, ತೋಳು ಇಳಿಸಿಕೊಳ್ಳುತ್ತ.

"ಹೂಂ."

"ನಾನಿದ್ದಾಗ ಹೇಳಿದ್ರೆ ಚೆನ್ನಾಗಿತ್ತು."

"ಹೌದು" ಎಂದಳು ಅತ್ತಿಗೆ.

ನಾದಿನಿ ಬಾಗಿಲವರೆಗೆ ಹೋಗಿ ನಿಂತಳು. "ಭಾನುವಾರ ನಮ್ಮ ಮನೇಲಿ ಆಡ್ತೀವಿ. ನನ್ನ ಹತ್ರ ಕಾರು ಕಲಿತ ಇಬ್ಬರು, ಪಕ್ಕದ ಮನೆ ಟೀಚರ್ ಒಬ್ಬರು. ಮೂರು ಜನಕ್ಕೂ ಇನ್ನೂ ಸರಿಯಾಗಿ ಬರಲ್ಲ. ಬರೋದಾದ್ರೆ ಬನ್ನಿ. ಆದ್ರೆ ಅವರು ಏನಾದ್ರೂ ಕೇಳಿದ್ರೆ ಗೊತ್ತಿರೋದನ್ನ ಹೇಳಿಕೊಡಬೇಕು."

ಅತ್ತಿಗೆ ಭಾನುವಾರ ಹೋದಳು. ಮಧ್ಯಾಹ್ನವೆಲ್ಲ ಆ ಮೂವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಯಾಕೆ ಎಲೆ ಎಸೆದದ್ದು, ಯಾಕೆ ಕಾದದ್ದು, ಯಾರ ಮುಖದಲ್ಲಿ ಏನು ಕಂಡಿತು ಎಂದು. ಅವರು ಗಂಭೀರವಾಗಿ ತಲೆಯಾಡಿಸಿ ಕೇಳಿಕೊಂಡರು. ಅಷ್ಟು ಗಮನವಿಟ್ಟು ತನ್ನ ಮಾತು ಯಾರಾದರೂ ಕೇಳಿದ್ದು ಅವಳಿಗೆ ನೆನಪಿರಲಿಲ್ಲ. ಸಂತೋಷಪಡಬೇಕಾದ ಹೊತ್ತು. ಆದರೆ ಎದುರು ಕೂತ ನಾದಿನಿ ಬಿಲ್ಲೆ ಜೋಡಿಸುತ್ತ ಒಮ್ಮೆಯೂ ತಲೆಯೆತ್ತಲಿಲ್ಲ. ಅತ್ತಿಗೆ ಪ್ರತಿ ಉತ್ತರವನ್ನೂ ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತ ಹೋದಳು.